ಪದ ಪರಿಚಯ: ವ್ಯಾಕ್ಯೂಮ್

ಲ್ಯಾಟಿನ್‌ನಲ್ಲಿ 'ವ್ಯಾಕ್ಯುಅಸ್' ಎಂದರೆ ಖಾಲಿ. ಅದರಿಂದ ಹುಟ್ಟಿದ 'ವ್ಯಾಕ್ಯೂಮ್' ನಮ್ಮ ಭೌತಶಾಸ್ತ್ರದ ಪುಸ್ತಕಗಳಲ್ಲಿ 'ನಿರ್ವಾತ'ವಾಯಿತು, ಮನೆಗಳಲ್ಲಿ ಕಸ ಹೀರುವ ಯಂತ್ರದ ಹೆಸರಾಯಿತು. ಡೇಟಾಬೇಸಿನವರು ಎತ್ತಿಕೊಂಡದ್ದು ಈ ಎರಡನೆಯ ಅರ್ಥವನ್ನು. 1987ರಲ್ಲಿ ಬರ್ಕ್ಲಿಯ ಮೈಕೆಲ್ ಸ್ಟೋನ್‌ಬ್ರೇಕರ್ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಸಂಗ್ರಹ ವ್ಯವಸ್ಥೆಯನ್ನು ವಿವರಿಸಿದಾಗ, ಹಳೆಯ ದಾಖಲೆಗಳನ್ನು ಬೇರೆಡೆಗೆ ಸಾಗಿಸುವ ಭಾಗಕ್ಕೆ 'ವ್ಯಾಕ್ಯೂಮ್ ಕ್ಲೀನರ್' ಎಂದೇ ಹೆಸರಿತ್ತು. ಹಾಗಾಗಿ ಇಲ್ಲಿ 'ನಿರ್ವಾತ' ಸಲ್ಲದು. 'ಗುಡಿಸು' ಎಂಬ ನಮ್ಮ ಮಾತೇ ಸರಿ.

ಪೋಸ್ಟ್‌ಗ್ರೆಸ್‌ನ ಇಂದಿನ ರೂಪವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಸಾಲೊಂದನ್ನು ತಿದ್ದಿದರೂ ಅಳಿಸಿದರೂ ಹಳೆಯ ಪ್ರತಿ 'ಸತ್ತ ಸಾಲಾಗಿ' ಟೇಬಲ್ಲಿನಲ್ಲೇ ಉಳಿಯುತ್ತದೆ. ಬರಿಯ ವ್ಯಾಕ್ಯೂಮ್ ಆ ಜಾಗವನ್ನು ಹೊಸ ಸಾಲುಗಳಿಗೆ ಬಿಡಿಸಿಕೊಡುತ್ತದೆ; ಫೈಲಿನ ಗಾತ್ರ ಸಾಮಾನ್ಯವಾಗಿ ಇಳಿಯದು. ಜಾಗ ಡಿಸ್ಕಿಗೆ ಮರಳಬೇಕಾದರೆ 'ವ್ಯಾಕ್ಯೂಮ್ ಫುಲ್' ಬೇಕು. ಅದು ಇಡೀ ಟೇಬಲ್ಲನ್ನು ಹೊಸದಾಗಿ ಬರೆಯುತ್ತದೆ, ಮುಗಿಯುವವರೆಗೆ ಓದುವವರನ್ನೂ ತಡೆಯುತ್ತದೆ, ಹೊಸ ಪ್ರತಿಗೆ ಬೇರೆ ಜಾಗ ಕೇಳುತ್ತದೆ. ದೊಡ್ಡ ಟೇಬಲ್ಲಿಗೆ ಇದು ಕೊನೆಯ ಮದ್ದು.

ತಾನಾಗಿ ಗುಡಿಸುವ 'ಆಟೋವ್ಯಾಕ್ಯೂಮ್' ಇದೆಯಲ್ಲ ಎನ್ನಬಹುದು. ಅದರ ಮೂಲ ಮಿತಿ 0.2, ಅಂದರೆ ಕೋಟಿ ಸಾಲಿನ ಟೇಬಲ್ಲಿನಲ್ಲಿ ಸುಮಾರು 20 ಲಕ್ಷ ಸಾಲು ಸತ್ತ ಮೇಲೆ ಅದು ಏಳುವುದು. ದೊಡ್ಡ ಟೇಬಲ್ಲುಗಳಿಗೆ ಮಾತ್ರ ಆ ಮಿತಿಯನ್ನು 0.01ಕ್ಕೆ ಇಳಿಸಿಡಿ.