ವಾಲ್ಪಾರೈಯ ಕಾಲುದಾರಿಗಳು ಮತ್ತು ನಮ್ಮ ಭಾನುವಾರದ ನಡಿಗೆ

ಒಂದು ಭಾನುವಾರ ಬೆಳಗ್ಗೆ ಉಪ್ಪನ ಫೋನು ಬಂತು. ಎಲ್ಲಿದ್ದೀ ಎಂದು ಕೇಳಿದರು. ವಾಲ್ಪಾರೈಯಲ್ಲಿ ಎಂದೆ.

"ಅಲ್ಲಿ ಏನು ಕೆಲಸ?"

"ಕೆಲಸ ಏನಿಲ್ಲ ಉಪ್ಪ. ನಡೆಯಲು ಬಂದದ್ದು. ಹದಿನೆಂಟು ಜನ ಇದ್ದೇವೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಅಂಗಡಿಯಲ್ಲಿ ಯಾರಿಗೋ ಚಿಲ್ಲರೆ ಕೊಡುವ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಿದರು, "ನಡೆಯಲು ದುಡ್ಡು ಕೊಟ್ಟಿದ್ದೀಯಾ?"

ಈ ಮಾತೆಲ್ಲ ಆದದ್ದು ಬ್ಯಾರಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಉಪ್ಪ ತಮಾಷೆಗೆ ಕೇಳಿದ್ದಲ್ಲ. ಅವರ ಉಪ್ಪ, ಅಂದರೆ ನನ್ನ ಅಜ್ಜ, ಒಣಮೀನಿನ ಕುಕ್ಕೆ ತಲೆಯ ಮೇಲೆ ಹೊತ್ತು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದ ಕಡೆ ಮಾರಿ ಬರುತ್ತಿದ್ದವರು. ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥ ಒಂದು ಕಥೆ ಇದೆ. ಘಟ್ಟ ಹತ್ತುವುದು ಎಂದರೆ ಹೊರೆ ಹೊರುವುದು, ಸಾಲ ತೀರಿಸುವುದು. ಅಂಥ ಮನೆಯ ಹುಡುಗ ಡಿಪ್ಲೊಮಾ ಓದಿ, ಕೊಯಮತ್ತೂರಿನ ಪಂಪು ಮಾಡುವ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ರಜೆಯ ದಿನ ದುಡ್ಡು ಕೊಟ್ಟು ಗುಡ್ಡ ಹತ್ತುತ್ತಾನೆ ಎಂದರೆ ಅವರಿಗೆ ಅರ್ಥವಾಗುವುದು ಹೇಗೆ? ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ನಾವು ನಡೆಯುವ ಈ ದಾರಿಗಳನ್ನು ಯಾರು ಮಾಡಿದ್ದು, ಯಾವ ಹೊರೆ ಹೊತ್ತು ಮಾಡಿದ್ದು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾಲ್ಪಾರೈ ನೋಡದವರಿಗೆ ಎರಡು ಮಾತು. ಕೊಯಮತ್ತೂರು ಜಿಲ್ಲೆಯಲ್ಲಿ, ಆನೈಮಲೈ ಬೆಟ್ಟಗಳ ಮೇಲೆ, ಸುಮಾರು 3,500 ಅಡಿ ಎತ್ತರದಲ್ಲಿರುವ ಚಹಾ ತೋಟಗಳ ಊರು. ಪೊಳ್ಳಾಚಿಯಿಂದ 65 ಕಿ.ಮೀ. ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ 40 ಹೇರ್‌ಪಿನ್ ತಿರುವು. ಒಂಬತ್ತನೇ ತಿರುವಿನಲ್ಲಿ ಎಲ್ಲರೂ ಗಾಡಿ ನಿಲ್ಲಿಸಿ ಅಣೆಕಟ್ಟಿನ ಫೋಟೊ ತೆಗೆಯುತ್ತಾರೆ. ಆ ಜಾಗಕ್ಕೆ ಲೋಮ್ಸ್ ವ್ಯೂ ಎಂದು ಹೆಸರು, ರಸ್ತೆ ಹಾಕಿಸಿದ ದೊರೆಯ ಹೆಸರಂತೆ. ಕಲ್ಲು ಹೊತ್ತವರ ಹೆಸರು ಯಾವ ತಿರುವಿನಲ್ಲೂ ಇಲ್ಲ. ಮೇಲಿನ ಚಹಾದಂಗಡಿಯಲ್ಲಿ ನಾನು ಮನೆಗೆ ಫೋನು ಮಾಡಿದ್ದನ್ನು ಕೇಳಿ ಅಂಗಡಿಯ ಕಾಕ ನನ್ನನ್ನು ಕಾಸರಗೋಡಿನವನು ಎಂದುಕೊಂಡರು. ಅಲ್ಲಿಂದ ನಂತರ ನನಗೆ ಚಹಾ ಸ್ವಲ್ಪ ದಪ್ಪಗೆ ಸಿಗುತ್ತದೆ.

ಈ ಬೆಟ್ಟದ ಮೊದಲ ನಡಿಗೆಗಾರರು ಕಾಡರ್ ಜನ. ಜೇನು, ಧೂಪದ ಅಂಟು, ಏಲಕ್ಕಿ ಕೂಡಿಸುತ್ತಾ ಈ ಕಾಡಿನೊಳಗೆ ದಾರಿ ಮಾಡಿಕೊಂಡವರು. ಬರೆದಿಟ್ಟ ಚರಿತ್ರೆಯಲ್ಲಿ ಮಾತ್ರ ಅವರು ಬರುವುದು ದೊರೆಗಳಿಗೆ ದಾರಿ ತೋರಿಸುವವರಾಗಿ. 1858ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿ ಹ್ಯೂ ಕ್ಲೆಗಾರ್ನ್ ಆನೈಮಲೈಯ ಎತ್ತರದ ಸಾಲುಗಳಿಗೆ ಒಂದು ತಂಡ ಕಟ್ಟಿಕೊಂಡು ಹೋದ. ಈ ಬೆಟ್ಟಗಳಿಗೆ ಹೋದ 'ಗುಂಪು ಚಾರಣ'ಗಳಲ್ಲಿ ವರದಿ ಬರೆದಿಟ್ಟ ಮೊದಲಿನವುಗಳಲ್ಲಿ ಅದೂ ಒಂದು. ಕ್ಲೆಗಾರ್ನ್ ನಮಗೆ ಪೂರ್ತಿ ಹೊರಗಿನವನೂ ಅಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದಾಗ ಊರಿನ ಚಿತ್ರಕಾರನೊಬ್ಬನಿಂದ ಮಲೆನಾಡಿನ ಗಿಡಗಳ ಚಿತ್ರ ಬರೆಸಿದವನು. ಕೆನರಾದ ಕುಮರಿ ಬೇಸಾಯಕ್ಕೆ ತಡೆ ಹಾಕಬೇಕೆಂದು ವಾದಿಸಿದವನೂ ಇವನೇ. ಗಿಡದ ಮೇಲೆ ಪ್ರೀತಿ, ಗಿಡದ ನಡುವೆ ಬದುಕುವವನ ಮೇಲೆ ಅನುಮಾನ. ಈ ಜೋಡಿ ಅಲ್ಲಿಂದ ಇವತ್ತಿನವರೆಗೆ ಅರಣ್ಯದ ಕಾನೂನಿನಲ್ಲಿ ಬಿಟ್ಟುಹೋಗಿಲ್ಲ ಎಂದು ನನಗೆ ಅನಿಸುತ್ತದೆ.

ಪಕ್ಕದ ಆನೈಮುಡಿ 2,695 ಮೀಟರ್, ದಕ್ಷಿಣ ಭಾರತದಲ್ಲೇ ಎತ್ತರ. ಅದನ್ನು ಮೊದಲು ಹತ್ತಿದವನು ಡಗ್ಲಸ್ ಹ್ಯಾಮಿಲ್ಟನ್, 1862ರ ಮೇ 4ರಂದು ಎಂದು ದಾಖಲೆ. 'ದಾಖಲಾದ ಮೊದಲ ಆರೋಹಣ' ಎಂಬ ಪದವನ್ನು ನೋಡಿದಾಗಲೆಲ್ಲ ನನಗೆ ನಮ್ಮ ಅಂಗಡಿಯ ಲೆಕ್ಕದ ಪುಸ್ತಕ ನೆನಪಾಗುತ್ತದೆ. ಸಾಲ ತೆಗೆದುಕೊಂಡವರ ಹೆಸರು ಇರುತ್ತದೆ, ರೊಕ್ಕ ಕೊಟ್ಟು ಹೋದವರದ್ದು ಇರುವುದಿಲ್ಲ. ಹಾಗಂತ ಅವರು ಅಂಗಡಿಗೆ ಬರಲೇ ಇಲ್ಲ ಎಂದಲ್ಲವಲ್ಲ!

ದೊರೆಗಳು ಸಂಘವನ್ನೂ ಕಟ್ಟಿದರು. ನೀಲಗಿರಿಯಲ್ಲಿ 1877ರಲ್ಲೇ ಬೇಟೆಗಾರರ ಸಂಘವೊಂದು ಹುಟ್ಟಿತ್ತು. ಮೂನ್ನಾರ್‌ನ ಚಹಾ ದೊರೆಗಳು 1895ರ ಹೊತ್ತಿಗೆ ತಮ್ಮದೇ ಒಂದನ್ನು ಮಾಡಿಕೊಂಡರು. ಯಾರು ಎಷ್ಟು ಬೇಟೆಯಾಡಬಹುದು ಎಂದು ನಿಯಮ ಮಾಡಿ, ಮುದುವನ್ ಜನರನ್ನು ಕಾವಲಿಗೆ ಇಟ್ಟು, ರಜೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ತಿರುಗುತ್ತಿದ್ದರು. ನೀಲಗಿರಿ ವರೆಯಾಡು ಅಲ್ಲಿ ಉಳಿದದ್ದರಲ್ಲಿ ಆ ಸಂಘದ ಪಾಲು ಇದೆ, ಅದನ್ನು ಒಪ್ಪಬೇಕು. ಇವತ್ತಿನ ಟ್ರೆಕಿಂಗ್ ಕ್ಲಬ್ಬುಗಳಿಗೆ ಈ ಸಂಘಗಳು ಅಜ್ಜನ ಸ್ಥಾನದಲ್ಲಿವೆ ಎನ್ನಬಹುದು. ಬಂದೂಕು ಹೋಗಿ ಮೊಬೈಲು ಬಂದಿದೆ.

ಆದರೆ ವಾಲ್ಪಾರೈಯ ಬಹುಪಾಲು ಕಾಲುದಾರಿಗಳನ್ನು ಮಾಡಿದ್ದು ಕಾಡರೂ ಅಲ್ಲ, ದೊರೆಗಳೂ ಅಲ್ಲ. 1890ರ ದಶಕದಲ್ಲಿ ಕಾರ್ವರ್ ಮಾರ್ಷ್ ಮೊದಲಾದ ದೊರೆಗಳು ಇಲ್ಲಿ ತೋಟ ಎಬ್ಬಿಸತೊಡಗಿದರು. ಪೊಳ್ಳಾಚಿ ರಸ್ತೆಯ ಬದಿಯಲ್ಲಿ ಈಗಲೂ ಮಾರ್ಷ್‌ನ ಪ್ರತಿಮೆ ಇದೆ. ಮಳೆಕಾಡು ಕಡಿದು ಕಾಫಿ, ಚಹಾ ಹಾಕಲು ಆಳು ಬೇಕಾಯಿತು. ಬಯಲು ಸೀಮೆಯಲ್ಲಿ ಬರ ಬಿದ್ದ ಹಳ್ಳಿಗಳಿಗೆ ಮೇಸ್ತ್ರಿಗಳು ಹೋಗಿ ಮುಂಗಡ ಕೊಟ್ಟು, ಕುಟುಂಬ ಕುಟುಂಬವನ್ನೇ ಕರೆತಂದರು. ಮುಂಗಡ ತೀರುವ ತನಕ ಇಳಿಯುವ ಹಾಗಿಲ್ಲ. 1859ರ ಕಾನೂನೊಂದರ ಪ್ರಕಾರ ಮುಂಗಡ ಪಡೆದ ಆಳು ಒಪ್ಪಂದ ಮುರಿದು ಹೋದರೆ ಅದು ಬರೀ ಸಾಲದ ತಕರಾರಲ್ಲ, ಜೈಲಿಗೆ ಹಾಕಬಹುದಾದ ಅಪರಾಧ. ಅದನ್ನು ರದ್ದು ಮಾಡಿದ್ದು 1925ರಲ್ಲಿ. ಅಂದರೆ ಮೂವತ್ತು ವರ್ಷಗಳ ಕಾಲ ಈ ಬೆಟ್ಟದಿಂದ ಕಾಲ್ನಡಿಗೆಯಲ್ಲಿ ಕೆಳಗಿಳಿಯುವುದು ಒಬ್ಬ ಕೂಲಿಯವನಿಗೆ ಅಪರಾಧವಾಗಿತ್ತು.

ಆ ಕಾಲವನ್ನು ಬರೆದಿಟ್ಟವರು ಪಿ.ಎಚ್. ಡೇನಿಯಲ್ ಎಂಬ ಡಾಕ್ಟರು. 1940ರ ದಶಕದಲ್ಲಿ ಇಲ್ಲಿನ ತೋಟಗಳಲ್ಲಿ ವೈದ್ಯರಾಗಿದ್ದು, ಹಳೆಯ ಕಾರ್ಮಿಕರಿಂದ ಕೇಳಿದ್ದನ್ನೆಲ್ಲ ಕೂಡಿಸಿ 1969ರಲ್ಲಿ 'ರೆಡ್ ಟೀ' ಎಂಬ ಕಾದಂಬರಿ ಮಾಡಿದರು. ತಮಿಳಿಗೆ ಅದು 'ಎರಿಯುಂ ಪನಿಕ್ಕಾಡು' ಎಂದು ಬಂತು. ಬಾಲಾ ಅವರ 2013ರ 'ಪರದೇಸಿ' ಸಿನೆಮಾ ಅದರಿಂದಲೇ ಹುಟ್ಟಿದ್ದು. ಮಲೇರಿಯಾ, ಜಿಗಣೆ, ಚಳಿ, ಲೆಕ್ಕದಲ್ಲಿ ಮೋಸ. ನಾನು ಸಿನೆಮಾ ನೋಡಿದ್ದು ಕೊಯಮತ್ತೂರಿಗೆ ಬಂದ ಹೊಸತರಲ್ಲಿ, ರೂಮಿನಲ್ಲಿ ಲ್ಯಾಪ್‌ಟಾಪಿನಲ್ಲಿ. ಕೊನೆಯ ಅರ್ಧ ಗಂಟೆ ನೋಡಲಾಗದೆ ನಿಲ್ಲಿಸಿ, ಮರುದಿನ ಮುಗಿಸಿದೆ.

ನಮ್ಮ ಸ್ವಂತ ತಪ್ಪಿನ ಕಥೆಯನ್ನೂ ಹೇಳಿಬಿಡುತ್ತೇನೆ.

ಎರಡನೇ ಸಲ ಹೋದಾಗ ನಾವು ತೋಟದ ನಡುವಿನ ದಾರಿಯಲ್ಲಿ ತಡಮಾಡಿಬಿಟ್ಟೆವು. ಆರೂವರೆ ದಾಟಿತ್ತು. ದೂರದ ಕಂಬದ ಮೇಲೊಂದು ಕೆಂಪು ದೀಪ ಮಿನುಗುತ್ತಿತ್ತು. ಮೊಬೈಲ್ ಟವರ್ ಇರಬೇಕು ಎಂದು ಒಬ್ಬ, ಯಾವುದೋ ಹಬ್ಬ ಇರಬೇಕು ಎಂದು ಇನ್ನೊಬ್ಬ. ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ, ಬಾಯಿಗೆ ಬಂದ ಹಾಗೆ ಬೈದು, ಹದಿನಾಲ್ಕು ಜನರನ್ನೂ ಒಳಗೆ ತುಂಬಿಸಿದರು. ಆ ದೀಪದ ಅರ್ಥ: ಹತ್ತಿರದಲ್ಲಿ ಆನೆ ಇದೆ, ನಡೆಯಬೇಡಿ.

ಯಂತ್ರ ಓದಿದವನಾದ ನನಗೆ ಆ ದೀಪದ ಕೆಲಸ ಬಹಳ ಹಿಡಿಸಿತು. ಮೊಬೈಲಿನಿಂದ ಕರೆ ಮಾಡಿದರೆ ಹೊತ್ತಿಕೊಳ್ಳುತ್ತದೆ, ದೂರದಿಂದ ಕಾಣುವ ಹಾಗೆ ಎತ್ತರದಲ್ಲಿ ಇಟ್ಟಿದ್ದಾರೆ. ಕರೆ ಮಾಡುವವರು ಊರಿನವರೇ. ವಾಲ್ಪಾರೈಯಲ್ಲಿ ಕೆಲಸ ಮಾಡುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯವರು, ಅರಣ್ಯ ಇಲಾಖೆ ಮತ್ತು ತೋಟದವರ ಜತೆ ಸೇರಿ, ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಎಸ್ಸೆಮ್ಮೆಸ್ಸಿನಲ್ಲಿ, ಕೇಬಲ್ ಟಿವಿಯ ಕೆಳಗಿನ ಸಾಲಿನಲ್ಲಿ, ಈ ದೀಪಗಳಲ್ಲಿ ಹರಡುವ ವ್ಯವಸ್ಥೆ ಮಾಡಿದರು. ಇದಕ್ಕಾಗಿ ಅವರ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಸುಮಾರು 220 ಚದರ ಕಿ.ಮೀ.ನ ಈ ಚಹಾ ಪ್ರಸ್ಥಭೂಮಿಯಲ್ಲಿ ಹಳೆಯ ಮಳೆಕಾಡು ಉಳಿದಿರುವುದು ನಲವತ್ತಕ್ಕೂ ಹೆಚ್ಚು ತುಂಡುಗಳಾಗಿ. ಆನೆ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಚಹಾದ ನಡುವೆಯೇ ನಡೆಯಬೇಕು. ಸಂಜೆ ಬಸ್ಸಿಳಿದು ಲೈನ್ ಮನೆಗೆ ನಡೆಯುವ ಹೆಂಗಸರ ದಾರಿಯೂ ಅದೇ. ಆ ದಿನ ನಾವು ಆ ಎರಡರ ನಡುವೆ ನಿಂತು ಸೆಲ್ಫಿ ತೆಗೆಯುತ್ತಿದ್ದೆವು.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಮುದುಕರು ತೋಟದಿಂದ ನಿವೃತ್ತರಾದವರು. ಅವರ ಅಜ್ಜಿ ತಿರುನೆಲ್ವೇಲಿ ಕಡೆಯಿಂದ ಮೇಸ್ತ್ರಿಯ ಹಿಂದೆ ಈ ಘಟ್ಟ ನಡೆದು ಹತ್ತಿದವರಂತೆ. ನಾನು ನನ್ನ ಅಜ್ಜನ ಒಣಮೀನಿನ ಮಾತು ಹೇಳಿದೆ. ಅವರು ನಕ್ಕು, "ಹಾಗಾದರೆ ನಿನ್ನ ಅಜ್ಜ ವಾಪಸು ಇಳಿಯಬಹುದಿತ್ತು" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಇನ್ನೊಂದು ಸಂಗತಿ ಅವರೇ ಹೇಳಿದ್ದು. ಆನೆಗಳು ಇಲ್ಲಿ ರೇಷನ್ ಅಂಗಡಿಯ ಬಾಗಿಲು ಮುರಿಯುತ್ತವೆ, ಶಾಲೆಯ ಬಿಸಿಯೂಟದ ಕೋಣೆಯನ್ನೂ ಬಿಡುವುದಿಲ್ಲ. ಅಕ್ಕಿ, ಬೇಳೆ, ಉಪ್ಪಿನ ವಾಸನೆ ಅವಕ್ಕೆ ದೂರದಿಂದಲೇ ಸಿಗುತ್ತದೆ. ಅಂಗಡಿಯವನ ಮಗನಾದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಂಗಡಿಯಲ್ಲಿ ಅಕ್ಕಿ ಮೂಟೆ ಇಡುವುದು ಶಟರಿಗೆ ಒತ್ತಿಕೊಂಡೇ.

ಗುಂಪಿನ ನಡಿಗೆಗೆ ತಮಿಳುನಾಡಿನಲ್ಲಿ ನಿಯಮ ಬಿಗಿಯಾದದ್ದು ಒಂದು ದುರಂತದ ನಂತರ. 2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ, ಚಾರಣಕ್ಕೆ ಬಂದಿದ್ದ ಎರಡು ಗುಂಪುಗಳು ಕಾಳ್ಗಿಚ್ಚಿನಲ್ಲಿ ಸಿಕ್ಕಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಬಹಳಷ್ಟು ಜನ ನನ್ನದೇ ವಯಸ್ಸಿನ, ನನ್ನಂಥದ್ದೇ ಕೆಲಸದವರು. ಒಣಗಿದ ಹುಲ್ಲು, ಗಾಳಿ, ದಾರಿ ಗೊತ್ತಿಲ್ಲದ ಕಾಲು. ಅದೇ ವರ್ಷ ಸರಕಾರ ಚಾರಣದ ನಿಯಮ ಮಾಡಿತು. 2024ರ ಅಕ್ಟೋಬರಿನಲ್ಲಿ 'ಟ್ರೆಕ್ ತಮಿಳುನಾಡು' ಎಂಬ ಹೆಸರಿನಲ್ಲಿ 40 ದಾರಿಗಳನ್ನು ಆನ್‌ಲೈನ್ ಬುಕಿಂಗಿಗೆ ತೆರೆದರು. ವಾಲ್ಪಾರೈ ಪಕ್ಕದ ಮಾನಾಂಬೋಳಿ ಅದರಲ್ಲಿ ಒಂದು. ದಾರಿ ತೋರಿಸಲು ಅಲ್ಲಿನ ಕಾಡಿನ ಜನರನ್ನೇ ತರಬೇತಿ ಕೊಟ್ಟು ನೇಮಿಸಿದ್ದಾರೆ. ನಮ್ಮಲ್ಲೂ ಹೀಗೇ ಆಯಿತಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಇರುವೆಯ ಸಾಲಿನ ಹಾಗೆ ಜನ ಹತ್ತಿದ ವಿಡಿಯೊ ನೋಡಿದ್ದೀರಿ, ಆಮೇಲೆ ಬುಕಿಂಗ್ ಇಲ್ಲದೆ ಬಿಡುವುದಿಲ್ಲ ಎಂದರು.

ಇದೇ ನಿಯಮದ ಮೇಲೆ ನಮ್ಮ ತಂಡದಲ್ಲಿ ಜಗಳವಾಯಿತು. ಗ್ರಾಸ್ ಹಿಲ್ಸ್ ಎಂಬ ಹುಲ್ಲಿನ ಬೆಟ್ಟ ವಾಲ್ಪಾರೈಯ ಮೇಲೆ ಇದೆ, ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ವರೆಯಾಡು ಮೇಯುವ ಜಾಗ, ಬಿಡುವುದಿಲ್ಲ. ತೋಟದ ಕಡೆಯಿಂದ ಪರಿಚಯದವರು ಇದ್ದಾರೆ, ಬೆಳಗ್ಗೆ ನಾಲ್ಕಕ್ಕೆ ಹೊರಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹಿರಿಯ ಸದಸ್ಯರೊಬ್ಬರು ಹೇಳಿದರು. ಫೆಬ್ರವರಿ ತಿಂಗಳು, ಹುಲ್ಲು ಒಣಗಿತ್ತು. ನಾನು ಬರುವುದಿಲ್ಲ, ಪಟ್ಟಿಯಲ್ಲಿ ನನ್ನ ಹೆಸರಿದ್ದರೆ ಯಾರೂ ಹೋಗಬಾರದು ಎಂದೆ. ನನ್ನ ಪರ ನಿಂತವನು ಒಬ್ಬನೇ, ಕೊಯಮತ್ತೂರಿನ ದೇವಾಂಗರ ಹುಡುಗ. ಅವನ ಮನೆಮಾತು ಹಳೆಯ ಧಾಟಿಯ ಒಂದು ಕನ್ನಡ. ಸಿಟ್ಟು ಬಂದಾಗ ನಾವಿಬ್ಬರೂ ಅದರಲ್ಲೇ ಮಾತಾಡಿಕೊಂಡೆವು. ಕೊನೆಗೆ ಹೋಗುವುದು ನಿಂತಿತು. ನಾಲ್ವರು ತಂಡ ಬಿಟ್ಟರು, ಅದರಲ್ಲಿ ಇಬ್ಬರು ನನಗೆ ಒಳ್ಳೆಯ ಗೆಳೆಯರಾಗಿದ್ದರು.

ಆದರೆ ನಿಯಮದ ಪರ ಮಾತಾಡಿದ ನನಗೇ ಒಂದು ಮುಳ್ಳು ಉಳಿದಿದೆ. 2019ರ ಮಳೆಯಲ್ಲಿ ವಾಲ್ಪಾರೈ ಸಮೀಪದ ಕಲ್ಲಾರ್ ಎಂಬಲ್ಲಿ ಗುಡ್ಡ ಜರಿದು ಕಾಡರ್ ಕುಟುಂಬಗಳು ಮನೆ ಕಳೆದುಕೊಂಡವು. ತಮ್ಮದೇ ಕಾಡಿನ ಇನ್ನೊಂದು ಜಾಗ, ತೆಪ್ಪಕುಳಮೇಡುವಿನಲ್ಲಿ ಗುಡಿಸಲು ಹಾಕಿಕೊಂಡರೆ ಎಬ್ಬಿಸಲಾಯಿತು. ತೋಟದ ಹಳೆಯ ಲೈನ್ ಮನೆಗಳಲ್ಲಿ ದಿನ ದೂಡಿ, ಹೋರಾಡಿ, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟು ಆ ಜಾಗ ಪಡೆಯಲು ಅವರಿಗೆ ಎರಡು ವರ್ಷ ಬೇಕಾಯಿತು. ನನಗೆ ಅದೇ ಬೆಟ್ಟದಲ್ಲಿ ನಡೆಯಲು ಅನುಮತಿ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಸಿಕ್ಕಿತು. ಕುದುರೆಮುಖದ ಮಲೆಕುಡಿಯರ ಕಥೆ ಗೊತ್ತಿರುವ ನಮ್ಮ ಕಡೆಯವರಿಗೆ ಇದು ಹೊಸತಲ್ಲ.

ಮಾನಾಂಬೋಳಿಗೆ ಹೋದಾಗ ದಾರಿ ತೋರಿಸಿದ ಯುವಕ ನಮ್ಮಲ್ಲಿ ಯಾರಿಗಿಂತಲೂ ಕಡಿಮೆ ಮಾತಿನವನು. ಎರಡು ಕಡೆ ಕೈ ಎತ್ತಿ ನಿಲ್ಲಿಸಿದ. ಒಂದು ಕಡೆ ಆನೆಯ ಲದ್ದಿ, ಇನ್ನೂ ಬಿಸಿ. ಇನ್ನೊಂದು ಕಡೆ ಏನಿತ್ತು ಎಂದು ಹೇಳಲೇ ಇಲ್ಲ, ಹತ್ತು ನಿಮಿಷ ನಿಲ್ಲಿಸಿ ಬೇರೆ ದಾರಿಯಲ್ಲಿ ಕರೆದುಕೊಂಡು ಹೋದ.

ರಾತ್ರಿ ಉಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಕಾಡು, ಆನೆ, ಚಹಾ ಯಾವುದಕ್ಕೂ ಅವರು ಹೂಂ ಎಂದಷ್ಟೇ ಅಂದರು. ಆಮೇಲೆ, "ಆ ಹುಡುಗನಿಗೆ ದಿನಕ್ಕೆ ಎಷ್ಟು ಕೊಡುತ್ತಾರೆ?" ಎಂದು ಕೇಳಿದರು. ನಾನು ವಿಚಾರಿಸಿರಲಿಲ್ಲ. ಊರಿಗೆ ಬಂದಾಗ ರೇಷನ್ ಅಂಗಡಿಯ ಸಂಗತಿ ಹೇಳಿದೆ. ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು ಕೂತರು. ಬಾಗಿಲು ಮರದ್ದೋ ಕಬ್ಬಿಣದ್ದೋ, ಮೂಟೆ ಯಾವ ಗೋಡೆಗೆ ಇಡುತ್ತಾರೆ, ನಷ್ಟ ಯಾರು ತುಂಬಿಕೊಡುತ್ತಾರೆ ಎಂದು ಒಂದರ ಮೇಲೊಂದು ಪ್ರಶ್ನೆ. ಈ ಸಲ ಮಳೆ ನಿಂತ ಮೇಲೆ ನನ್ನ ಜತೆ ಬರುತ್ತಾರಂತೆ. ಕಾಡಿನೊಳಗೆ ನಡೆಯಲು ಅಲ್ಲ, ಆ ಅಂಗಡಿಯವನ ಹತ್ತಿರ ಮಾತಾಡಲು.