ತ್ಯಾಜ್ಯ ಶಾಖ ಸಂಗ್ರಹ, ವ್ಯೋಮವಾಹನಗಳಲ್ಲಿ
ವಿದ್ಯುತ್ ವ್ಯವಸ್ಥೆ ಹೊಮ್ಮಿಸುವ ಬೇಡದ ಶಾಖವನ್ನು ಕರಗುವ ವಸ್ತುವಿನಲ್ಲಿ ಹಿಡಿದಿಟ್ಟು, ಅನುಕೂಲವಾದಾಗ ಹೊರಬಿಡುವ ವಿಧಾನ. ನಿರ್ವಾತದಲ್ಲಿ ಬೀಸುವ ಗಾಳಿಯಿಲ್ಲ. ಶಾಖ ಕಳೆಯಲು ವಿಕಿರಣವೇ ಮುಖ್ಯ ದಾರಿ. ಆ ದಾರಿಯೂ ಮುಚ್ಚಿದಾಗ ಸಂಗ್ರಹದ ಬೆಲೆ ತಿಳಿಯುತ್ತದೆ. 1971–72ರಲ್ಲಿ ಅಪೋಲೊ 15, 16, 17ರ ಯಾತ್ರಿಗಳು ಓಡಿಸಿದ ಚಂದ್ರವಾಹನವೇ ಇದಕ್ಕೆ ಸಾಕ್ಷಿ. ಚಕ್ರಗಳು ಎಬ್ಬಿಸುವ ದೂಳಿನಿಂದ ಕಾಪಾಡಲು ಕನ್ನಡಿಯಂಥ ವಿಕಿರಕಗಳನ್ನು ಓಡಾಟದುದ್ದಕ್ಕೂ ಮುಚ್ಚಿಡಬೇಕಿತ್ತು. ಆಗಿನ ಶಾಖವನ್ನು ಮೇಣದ ಪೆಟ್ಟಿಗೆಗಳೂ ಬ್ಯಾಟರಿಗಳ ಮೈಯೂ ಹೀರಿಕೊಳ್ಳುತ್ತಿದ್ದವು. ವಾಹನ ನಿಂತ ಮೇಲೆ ಯಾತ್ರಿಗಳು ಕೈಯಿಂದಲೇ ಮುಚ್ಚಳ ತೆರೆಯುತ್ತಿದ್ದರು. ಶಾಖ ಆಕಾಶಕ್ಕೆ ಹೋಗಿ ಮೇಣ ಮತ್ತೆ ಹೆಪ್ಪುಗಟ್ಟುತ್ತಿತ್ತು.

ಮೇಣ ವೃಥಾ ಭಾರವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಒಂದು ಕಿಲೋ ಮೇಣ ಕರಗುವಾಗ ಸುಮಾರು 200 ಕಿಲೋಜೌಲ್ ನುಂಗುತ್ತದೆ, ಅಂದರೆ 100 ವ್ಯಾಟ್ ಶಾಖವನ್ನು ಅರ್ಧ ಗಂಟೆಗೂ ಮಿಕ್ಕಿ ತಡೆಯುತ್ತದೆ. ಮೇಣದೊಳಗೆ ಶಾಖ ನಿಧಾನವಾಗಿ ಹರಿಯುತ್ತದೆ, ನಿಜ. ಅದಕ್ಕೇ ಅಲ್ಯೂಮಿನಿಯಂ ಪಟ್ಟಿಗಳನ್ನು ಹೆಣೆಯುತ್ತಾರೆ. ಬಿಡುವಿಲ್ಲದೆ ಬರುವ ಶಾಖಕ್ಕೆ ಮಾತ್ರ ಈ ಉಪಾಯ ಒದಗದು. ಉದಾಹರಣೆಗೆ, ಮಂಗಳ ಗ್ರಹದ ಮೇಲಿನ ಕ್ಯೂರಿಯಾಸಿಟಿ ವಾಹನದ ಪ್ಲುಟೋನಿಯಂ ವಿದ್ಯುಜ್ಜನಕ ಆರಂಭದಲ್ಲಿ ಸುಮಾರು 2,000 ವ್ಯಾಟ್ ಶಾಖದಿಂದ 110 ವ್ಯಾಟ್ ವಿದ್ಯುತ್ ಕೊಡುತ್ತಿತ್ತು. ಮಿಕ್ಕ ಶಾಖದ ಒಂದು ಪಾಲು ಕೊಳವೆಗಳ ದ್ರವದ ಮೂಲಕ ಹರಿದು ಉಪಕರಣಗಳನ್ನು ಬೆಚ್ಚಗಿಡುತ್ತದೆ.