ಬಟಾಣಿ ಗಾತ್ರದ ಚಾಕೊಲೇಟು, ಒಂದು ಆಕಸ್ಮಿಕದ ಕಥೆ

ಚಾಕೊಲೇಟ್ ಚಿಪ್ ಕುಕಿ ಹುಟ್ಟಿದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ‘ಅಂತೆ’ಯಿಂದ ಶುರುವಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಎಂಬ ಊರಿನಲ್ಲಿ ರೂತ್ ವೇಕ್‌ಫೀಲ್ಡ್ ಎಂಬ ಮಹಿಳೆ ಭೋಜನಗೃಹ ನಡೆಸುತ್ತಿದ್ದರಂತೆ. ಒಂದು ದಿನ ಕುಕಿ ಮಾಡಲು ಹೊರಟಾಗ ಅಡುಗೆಯ ಚಾಕೊಲೇಟು ಮುಗಿದುಹೋಗಿತ್ತಂತೆ. ಕೈಗೆ ಸಿಕ್ಕಿದ ಸಿಹಿ ಚಾಕೊಲೇಟನ್ನೇ ಮುರಿದು ಹಾಕಿದರಂತೆ. ಅದು ಕರಗಿ ಹಿಟ್ಟಿನಲ್ಲಿ ಬೆರೆಯುತ್ತದೆಂದು ಕಾದರೆ ತುಣುಕುಗಳು ಹಾಗೆಯೇ ಉಳಿದವಂತೆ. ಮುಗಿದದ್ದು ಚಾಕೊಲೇಟಲ್ಲ, ಬೀಜಗಳು ಎನ್ನುವವರಿದ್ದಾರೆ. ಹಿಟ್ಟು ಕಲಸುವ ಯಂತ್ರದ ಅದುರುವಿಕೆಗೆ ಮೇಲಿನ ಕಪಾಟಿನಿಂದ ಚಾಕೊಲೇಟು ಕೆಳಗೆ ಬಿತ್ತು ಎನ್ನುವವರೂ ಇದ್ದಾರೆ. ಕಥೆ ಯಾವುದಾದರೂ ಇರಲಿ, ರೂತ್ ಏನನ್ನೂ ಯೋಚಿಸಿ ಮಾಡಲಿಲ್ಲ ಎಂಬುದು ಎಲ್ಲದರಲ್ಲೂ ಸಮಾನ.

ಈ ಅಂತೆಕಂತೆಗಳನ್ನು ಬದಿಗಿಟ್ಟು ಆಕೆಯ ಬದುಕಿನ ದಾಖಲೆಗಳನ್ನು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. 1903ರಲ್ಲಿ ಹುಟ್ಟಿದ ರೂತ್ ಗ್ರೇವ್ಸ್ 1924ರಲ್ಲಿ ಫ್ರೇಮಿಂಗ್‌ಹ್ಯಾಮ್‌ನ ಶಿಕ್ಷಕರ ತರಬೇತಿ ಕಾಲೇಜಿನಿಂದ ಗೃಹವಿಜ್ಞಾನದಲ್ಲಿ ತೇರ್ಗಡೆಯಾದರು. ಆಹಾರ ತಜ್ಞೆಯಾಗಿ ಕೆಲಸ ಮಾಡಿದರು, ಆಹಾರದ ಬಗ್ಗೆ ಉಪನ್ಯಾಸ ಕೊಟ್ಟರು. 1930ರಲ್ಲಿ ಪತಿ ಕೆನೆತ್ ಜೊತೆ ವಿಟ್‌ಮನ್‌ನಲ್ಲಿ ಹಳೆಯ ಮನೆಯೊಂದನ್ನು ಕೊಂಡು ‘ಟೋಲ್ ಹೌಸ್ ಇನ್’ ತೆರೆದರು. ಅಡುಗೆಯನ್ನು ಅಳತೆ, ಉಷ್ಣತೆ, ಪೋಷಕಾಂಶಗಳ ಭಾಷೆಯಲ್ಲಿ ಕಲಿಸುತ್ತಿದ್ದ ಚಳವಳಿಯೊಂದು ಆಗ ಅಮೆರಿಕದಲ್ಲಿ ಬಲವಾಗಿತ್ತು. ರೂತ್ ಅದರ ಫಲ.

ಕುಕಿಗೆ ಅದಕ್ಕಿಂತ ಹಳೆಯ ಚರಿತ್ರೆಯಿದೆ. ಆ ಪದವೇ ಡಚ್ಚರದು, ಸಣ್ಣ ಕೇಕು ಎಂದು ಅರ್ಥ. 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾದ ‘ಅಮೆರಿಕನ್ ಕುಕರಿ’ ಎಂಬ ಪುಸ್ತಕದಲ್ಲಿ ಅಮೇಲಿಯಾ ಸಿಮನ್ಸ್ ಈ ಪದವನ್ನು ಬಳಸಿದ್ದಾಳೆ. ಆಕೆಯ ಕ್ರಿಸ್‌ಮಸ್ ಕುಕಿಗೆ ಬೀಳುವುದು ಚಾಕೊಲೇಟಲ್ಲ, ಕೊತ್ತಂಬರಿ ಬೀಜದ ಪುಡಿ! ಮುಂದಿನ ನೂರು ವರ್ಷಗಳಲ್ಲಿ ನ್ಯೂ ಇಂಗ್ಲೆಂಡ್ ಪ್ರದೇಶದ ಮನೆಗಳಲ್ಲಿ ಒಣಹಣ್ಣು ಹಾಕಿದ ಕುಕಿಗಳು ರೂಢಿಯಾದವು. ‘ಹರ್ಮಿಟ್’ ಎನ್ನುವ ಕುಕಿಗೆ ಮಸಾಲೆಯ ಜೊತೆ ಒಣದ್ರಾಕ್ಷಿ ಬೇಕು. ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಬಾಸ್ಟನ್ ಅಡುಗೆಶಾಲೆಯ ಪುಸ್ತಕದಲ್ಲೂ ಅದಿದೆ: ದ್ರಾಕ್ಷಿಯ ಬೀಜ ತೆಗೆದು, ಸಣ್ಣದಾಗಿ ಹೆಚ್ಚಿ ಹಿಟ್ಟಿಗೆ ಸೇರಿಸಬೇಕು. ಬಟ್ಟಲು ಮತ್ತು ಚಮಚಗಳನ್ನು ಅಂಚಿಗೆ ಸಮ ಮಾಡಿ ಅಳೆಯುವ ಕ್ರಮವನ್ನು ಮನೆಮಾತಾಗಿಸಿದವರೂ ಇದೇ ಫಾರ್ಮರ್.

ಈ ಹಿನ್ನೆಲೆಯಲ್ಲಿ ನೋಡಿದರೆ ರೂತ್ ಮಾಡಿದ್ದೇನು ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿಯವರೆಗೆ ಚಾಕೊಲೇಟ್ ಕುಕಿ ಎಂದರೆ ಚಾಕೊಲೇಟನ್ನು ಮೊದಲೇ ಕರಗಿಸಿ ಇಡೀ ಹಿಟ್ಟಿಗೆ ಬೆರೆಸುವುದು. ಹಣ್ಣು ಮತ್ತು ಬೀಜಗಳ ದಾರಿ ಬೇರೆ. ಅವು ತುಣುಕಾಗಿ ಬಿದ್ದು, ಕಚ್ಚಿದಾಗ ತಮ್ಮ ರುಚಿಯನ್ನು ಬೇರೆಯಾಗಿಯೇ ಕೊಡುತ್ತವೆ. ರೂತ್ ಚಾಕೊಲೇಟನ್ನು ಒಣದ್ರಾಕ್ಷಿಯ ಜಾಗದಲ್ಲಿ ಕೂರಿಸಿದರು. ಇನ್‌ನಲ್ಲಿ ಐಸ್‌ಕ್ರೀಮ್ ಜೊತೆ ಬೀಜ ಹಾಕಿದ ತೆಳ್ಳಗಿನ ಬಟರ್‌ಸ್ಕಾಚ್ ಕುಕಿ ಕೊಡುತ್ತಿದ್ದೆವು, ಗಿರಾಕಿಗಳಿಗೆ ಅದು ಇಷ್ಟವಾಗಿತ್ತು, ಆದರೆ ಏನಾದರೂ ಹೊಸತು ಕೊಡಬೇಕೆಂದು ಪ್ರಯತ್ನಿಸುತ್ತಿದ್ದೆ ಎಂದು 1970ರ ದಶಕದಲ್ಲಿ ಆಕೆಯೇ ಪತ್ರಿಕೆಯೊಂದಕ್ಕೆ ಹೇಳಿದ್ದುಂಟು.

ಅದು ಮೂರು ದಶಕಗಳಾಚೆಯ ನೆನಪು. ಚರಿತ್ರೆ ಓದುವವರು ನೆನಪೊಂದನ್ನೇ ನಂಬಿ ಕೂರುವಂತಿಲ್ಲ. ಆದರೆ ಆಕೆಯ ಅಡುಗೆ ಪುಸ್ತಕದ 1938ರ ಆವೃತ್ತಿಯಲ್ಲಿ ‘ಟೋಲ್ ಹೌಸ್ ಚಾಕೊಲೇಟ್ ಕ್ರಂಚ್ ಕುಕಿ’ಯ ವಿಧಾನವಿದೆ. ಏಳು ಔನ್ಸಿನ ಎರಡು ಚಾಕೊಲೇಟ್ ಪಟ್ಟಿಗಳನ್ನು ಬಟಾಣಿ ಕಾಳಿನ ಗಾತ್ರಕ್ಕೆ ಕತ್ತರಿಸಬೇಕು, ಅರ್ಧರ್ಧ ಚಮಚದಷ್ಟೇ ಹಿಟ್ಟನ್ನು ತಟ್ಟೆಯ ಮೇಲೆ ಬಿಡಬೇಕು, 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 10ರಿಂದ 12 ನಿಮಿಷ ಬೇಯಿಸಬೇಕು, ನೂರು ಕುಕಿಗಳಾಗುತ್ತವೆ. ಮೊದಲ ದಿನ ಏನಾಯಿತೆಂದು ಈ ಬರಹ ಹೇಳಲಾರದು, ನಿಜ. ಆದರೆ ಬಟಾಣಿ ಗಾತ್ರವೇ ಸರಿ ಎಂಬ ತೀರ್ಮಾನಕ್ಕೆ ಬರಲು ಅದಕ್ಕಿಂತ ದೊಡ್ಡದನ್ನೂ ಚಿಕ್ಕದನ್ನೂ ಮಾಡಿ ನೋಡಿರಲೇಬೇಕು. ಇನ್ನು ಚಾಕೊಲೇಟು ಬಿಸಿಯಲ್ಲಿ ಮೆತ್ತಗಾದರೂ ಕಲಕದೆ ಬಿಟ್ಟರೆ ಬಹುಮಟ್ಟಿಗೆ ತನ್ನ ಆಕಾರದಲ್ಲೇ ನಿಲ್ಲುತ್ತದೆ. ಗೃಹವಿಜ್ಞಾನ ಓದಿ, ಎಂಟು ವರ್ಷ ಭೋಜನಗೃಹ ನಡೆಸಿದವರಿಗೆ ಇದು ತಿಳಿದಿರಲಿಲ್ಲ ಎಂದು ನಂಬುವುದು ಕಷ್ಟ. 2013ರಲ್ಲಿ ಈ ಕುಕಿಯ ಬಗ್ಗೆಯೇ ಪುಸ್ತಕ ಬರೆದ ಕ್ಯಾರೊಲಿನ್ ವೈಮನ್ ಕೂಡ ಅಷ್ಟು ಅಚ್ಚುಕಟ್ಟಿನ ಅಡುಗೆಮನೆಯಲ್ಲಿ ಸಾಮಗ್ರಿ ಮುಗಿದುಹೋಯಿತೆಂಬ ಮಾತನ್ನು ಒಪ್ಪುವುದಿಲ್ಲ.

ಹಾಗೆಂದು ವೇಕ್‌ಫೀಲ್ಡ್ ದಂಪತಿಗೆ ಕಥೆ ಕಟ್ಟುವುದು ಗೊತ್ತಿರಲಿಲ್ಲ ಎಂದಲ್ಲ. ಇನ್‌ನ ಫಲಕದ ಮೇಲೆ 1709 ಎಂಬ ಇಸವಿಯಿತ್ತು, ಹೆಸರಿನಲ್ಲಿ ಸುಂಕದ ಕಟ್ಟೆಯಿತ್ತು. ಆ ಮನೆ ಕಟ್ಟಿದ್ದು 1817ರಲ್ಲಿ, ಅದು ಎಂದೂ ಸುಂಕದ ಕಟ್ಟೆಯಾಗಿರಲಿಲ್ಲ. ವ್ಯಾಪಾರಕ್ಕೆ ಹಳೆಯ ಕಥೆಯೊಂದು ಬೇಕು ಎಂಬುದು ಅವರಿಗೂ ತಿಳಿದಿತ್ತು.

ಕುಕಿ ಜನಪ್ರಿಯವಾಗುತ್ತಿದ್ದಂತೆ 1939ರ ಮಾರ್ಚ್‌ನಲ್ಲಿ ರೂತ್ ತಮ್ಮ ಪಾಕವಿಧಾನವನ್ನೂ ‘ಟೋಲ್ ಹೌಸ್’ ಹೆಸರನ್ನೂ ಬಳಸುವ ಹಕ್ಕನ್ನು ನೆಸ್ಲೆ ಕಂಪನಿಗೆ ಕೊಟ್ಟರು. ಬೆಲೆ ಒಂದು ಡಾಲರ್. ಆ ಒಂದು ಡಾಲರೂ ಕೈಸೇರಲಿಲ್ಲ ಎಂದು ಆಕೆ ಮುಂದೆ ಹೇಳಿದರು. ಜೀವನಪೂರ್ತಿ ಚಾಕೊಲೇಟು ಸಿಕ್ಕಿತೆಂದೂ ಸಲಹೆಗಾರ್ತಿಯಾಗಿ ಕಂಪನಿಯಿಂದ ಸಂಭಾವನೆ ಪಡೆದರೆಂದೂ ವರದಿಗಳಿವೆ. ನೆಸ್ಲೆ ಮೊದಲು ಸುಲಭವಾಗಿ ಮುರಿಯುವಂತೆ ಗೆರೆ ಹಾಕಿದ ಪಟ್ಟಿಯನ್ನೂ, ಬಳಿಕ ಹನಿಯಾಕಾರದ ತುಣುಕುಗಳನ್ನೂ ಮಾರುಕಟ್ಟೆಗೆ ತಂದಿತು. ಪೊಟ್ಟಣದ ಬೆನ್ನಿನ ಮೇಲೆ ಅಚ್ಚಾದ ವಿಧಾನ ಲಕ್ಷಾಂತರ ಮನೆಗಳ ಒಲೆಯನ್ನು ತಲುಪಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಕುಕಿ ಡಬ್ಬಿಗಳಲ್ಲಿ ಸೈನಿಕರಿಗೂ ಹೋಯಿತು. ಮನೆಯಲ್ಲಿ ಮಾಡಿದವರ ಮಟ್ಟಿಗೆ ಅದು ‘ನಮ್ಮಮ್ಮನ ಕುಕಿ’. ಮೂಲದ ಹೆಸರು ಮಸುಕಾಯಿತು. ಆಕಸ್ಮಿಕದ ಕಥೆ ಮಾತ್ರ ಉಳಿಯಿತು.

ಅದೇ ಯಾಕೆ ಉಳಿಯಿತು? ಪ್ರಯೋಗಾಲಯದಲ್ಲಿ ಆಕಸ್ಮಿಕ ನಡೆದಾಗ ಅದನ್ನು ಗುರುತಿಸಿದ ಕಣ್ಣಿಗೆ ಗೌರವ ಸಲ್ಲುತ್ತದೆ, ಪೆನಿಸಿಲಿನ್ ಮತ್ತು ಫ್ಲೆಮಿಂಗ್ ಅವರ ಕಥೆಯಲ್ಲಿ ಆದಂತೆ. ಅಡುಗೆಮನೆಯಲ್ಲಾದರೆ ಗೌರವವೆಲ್ಲ ಅದೃಷ್ಟಕ್ಕೇ. ನಮ್ಮಲ್ಲೂ ಅಡುಗೆ ಚೆನ್ನಾದರೆ ‘ಅವಳ ಕೈಗುಣ’ ಎನ್ನುತ್ತೇವೆ. ಅದು ಮೆಚ್ಚುಗೆಯ ಮಾತೇ. ಆದರೆ ಪಾಕ ಒಂದೆಳೆಗೆ ಬಂದ ಕ್ಷಣವನ್ನು ಗುರುತಿಸುವುದು, ಮಳೆಗಾಲದಲ್ಲಿ ಉಪ್ಪಿನಕಾಯಿ ಕೆಡದಂತೆ ಉಪ್ಪಿನ ಅಳತೆ ಹಿಡಿಯುವುದು ಕೈಗೆ ಹುಟ್ಟಿನಿಂದ ಬಂದ ಗುಣವಲ್ಲ. ನೋಡಿ, ಕೆಡಿಸಿ, ತಿದ್ದಿಕೊಂಡು ಕಲಿತದ್ದು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಯ ಬಗ್ಗೆ ಬರೆದ ಕೃತಿಗೆ ‘ಸೂಪಶಾಸ್ತ್ರ’ ಎಂದೇ ಹೆಸರಿದೆ. ಪುಸ್ತಕಕ್ಕೆ ಸಂದ ‘ಶಾಸ್ತ್ರ’ ಎಂಬ ಮಾತು ಒಲೆಯ ಮುಂದೆ ನಿಂತವರಿಗೆ ಸಿಕ್ಕಿದ್ದು ಅಪರೂಪ.

ರೂತ್ 1977ರಲ್ಲಿ ತೀರಿಕೊಂಡರು. 1984ರ ಕೊನೆಯ ರಾತ್ರಿ ಇನ್ ಬೆಂಕಿಗೆ ಆಹುತಿಯಾಯಿತು. 1997ರಲ್ಲಿ ಮ್ಯಾಸಚೂಸೆಟ್ಸ್ ಈ ಕುಕಿಯನ್ನು ರಾಜ್ಯದ ಅಧಿಕೃತ ಕುಕಿಯೆಂದು ಘೋಷಿಸಿತು. ತಾನು ಗಮನಿಸದೇ ಬಿಟ್ಟ ಮಹಿಳೆಯರ ಬಗ್ಗೆ ಆರಂಭಿಸಿದ ಮಾಲಿಕೆಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ರೂತ್ ಅವರ ನಿಧನವಾರ್ತೆಯನ್ನು ಪ್ರಕಟಿಸಿದ್ದು 2018ರಲ್ಲಿ, ಆಕೆ ತೀರಿಕೊಂಡು ನಲವತ್ತೊಂದು ವರ್ಷಗಳಾದ ಮೇಲೆ.